ಜೂನ್ 1ಕ್ಕೆ ಹುಟ್ಟಿದವರು ಮತ್ತು ಜನಸಂಖ್ಯಾಶಾಸ್ತ್ರ

[ಪರದೆ: ಹಳೆಯ ಶಾಲಾ ದಾಖಲಾತಿ ಪುಸ್ತಕ]

ನಮಸ್ಕಾರ. ನಿಮ್ಮ ಅಪ್ಪನದೋ ದೊಡ್ಡಪ್ಪನದೋ ಜನ್ಮದಿನಾಂಕ ಜೂನ್ 1 ಅಂತ ಇದೆಯಾ? ನಮ್ಮ ಹಳ್ಳಿಗಳ ಕಡೆ ಅಂಥವರು ತುಂಬ ಜನ ಸಿಗ್ತಾರೆ. ಹುಟ್ಟಿದ ತಾರೀಖು ಮನೆಯವರಿಗೇ ಗೊತ್ತಿರ್ತಿರಲಿಲ್ಲ, ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಒಂದು ದಿನ ಬರ್ಕೊಂಡ್ರು.

ವಯಸ್ಸಿನ ಕಥೆಯೂ ಹಾಗೇ. ಜನಗಣತಿಯವರು ನಮ್ಮಜ್ಜಿಯನ್ನ ಕೇಳಿದ್ರೆ "ಎಪ್ಪತ್ತೋ ಎಪ್ಪತ್ತೈದೋ ಬರ್ಕೋ ಮಗಾ" ಅನ್ನೋರು. ಲಕ್ಷಾಂತರ ಮನೆಗಳಲ್ಲಿ ಹೀಗೇ ಆದಾಗ ಸೊನ್ನೆ, ಐದರಲ್ಲಿ ಮುಗಿಯೋ ವಯಸ್ಸುಗಳಲ್ಲಿ ಮಾತ್ರ ಜನ ಗುಂಪುಗೂಡಿದ ಹಾಗೆ ಕಾಣುತ್ತೆ. ಈ ತಪ್ಪನ್ನ ಅಳೆಯೋಕೆ ವಿಪಲ್ ಸೂಚ್ಯಂಕ ಅಂತ ಒಂದು ಅಳತೆಯೇ ಇದೆ. ಇಂಥ ಲೆಕ್ಕಗಳನ್ನ ತಿದ್ದಿ, ಓದಿ, ಅರ್ಥ ಹೇಳೋ ವಿದ್ಯೆಯೇ ಡೆಮಾಗ್ರಫಿ. ಕನ್ನಡದಲ್ಲಿ ಜನಸಂಖ್ಯಾಶಾಸ್ತ್ರ.

ಜನಗಣತಿಗೆ ಹಳೇ ಮೈಸೂರಲ್ಲಿ ಖಾನೇಷುಮಾರಿ ಅಂತಿದ್ರು, ಅಂದ್ರೆ ಮನೆ ಎಣಿಕೆ. ಎಣಿಕೆ ಮುಗಿದ ಮೇಲೆ ಈ ಶಾಸ್ತ್ರದ ಕೆಲಸ ಶುರು.

[ಪರದೆ: ದೆಮೊಸ್ – ಜನ, ಗ್ರಾಫೀನ್ – ಬರೆಯೋದು]

ಡೆಮಾಗ್ರಫಿ ಅನ್ನೋ ಪದ ಗ್ರೀಕ್ ಮೂಲದ್ದು. 1855ರಲ್ಲಿ ಫ್ರಾನ್ಸಿನ ಅಶೀಲ್ ಗಿಯಾರ್ ತನ್ನ ಪುಸ್ತಕದ ಹೆಸರಲ್ಲಿ ಇದನ್ನ ಬಳಸಿದ. ಕೆಲಸ ಮಾತ್ರ ಅದಕ್ಕಿಂತ ಹಳೆಯದು. ಲಂಡನ್ನಿನಲ್ಲಿ ಪ್ಲೇಗಿನ ಭಯಕ್ಕೆ ವಾರವಾರವೂ ಸತ್ತವರ ಪಟ್ಟಿ ಅಚ್ಚಾಗ್ತಿತ್ತು. ಎಲ್ಲರೂ ಓದಿ ಎಸೆಯೋ ಆ ಹಾಳೆಗಳನ್ನ ಜಾನ್ ಗ್ರಾಂಟ್ ಅನ್ನೋ ಬಟ್ಟೆ ವ್ಯಾಪಾರಿ ಜೋಡಿಸಿಕೊಂಡು ಕೂತ. 1662ರಲ್ಲಿ ಆತ ಪ್ರಕಟಿಸಿದ ಅಂದಾಜು ಇದು: ನೂರು ಮಕ್ಕಳಲ್ಲಿ ಮೂವತ್ತಾರು ಆರು ವರ್ಷ ತುಂಬೋ ಮೊದಲೇ ಸಾಯುತ್ತವೆ. ಪ್ರತಿ ಮನೆಯೂ ತನ್ನದೊಂದೇ ದುಃಖ ಅಂದುಕೊಂಡಿದ್ದನ್ನ ಇಡೀ ಊರಿನ ಲೆಕ್ಕವಾಗಿ ಮೊದಲು ಕಂಡವನು ಆತ ಅಂತ ನನಗನ್ನಿಸುತ್ತೆ.

ಒಂದು ಊರಿನ ಜನಸಂಖ್ಯೆ ಬದಲಾಗೋದು ಮೂರೇ ದಾರಿಯಲ್ಲಿ: ಹುಟ್ಟು, ಸಾವು, ವಲಸೆ. ಆದ್ರೆ ಈ ಮೂರರ ಹಿಂದೆ ವಯಸ್ಸು ಕೂತಿರುತ್ತೆ. ನಮ್ಮ ರಾಜ್ಯವನ್ನೇ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಒಂದು ತಲೆಮಾರಿನ ಜಾಗ ಇನ್ನೊಂದು ತುಂಬೋಕೆ ಸುಮಾರು 2.1 ಬೇಕು. ಹಾಗಾದ್ರೆ ಜನ ಆಗಲೇ ಕಮ್ಮಿ ಆಗ್ಬೇಕಿತ್ತಲ್ವಾ?

[ಪರದೆ: ಮೂರು ತಲೆಮಾರಿನ ಚಿತ್ರ]

ಒಂದು ಊರನ್ನ ಊಹಿಸಿಕೊಳ್ಳಿ. ಅಜ್ಜ ಅಜ್ಜಿಯರು 100 ಜನ. ಅವರ ಕಾಲಕ್ಕೆ ಮನೆ ತುಂಬ ಮಕ್ಕಳು, ಹಾಗಾಗಿ ಮುಂದಿನ ತಲೆಮಾರು 250 ಜನ, ಅಂದ್ರೆ 125 ಜೋಡಿ. ಒಂದೊಂದು ಜೋಡಿಗೆ ಎರಡೇ ಮಕ್ಕಳು ಅಂದ್ರೂ ಹುಟ್ಟೋರು 250. ಹೋಗೋ ವಯಸ್ಸಲ್ಲಿರೋರು ನೂರೇ ಜನ. ಮನೆಗಳು ಚಿಕ್ಕದಾಗ್ತಿದ್ರೂ ಊರು ಬೆಳೀತಾನೇ ಇರುತ್ತೆ. ಇದಕ್ಕೆ ಜನಸಂಖ್ಯೆಯ ಆವೇಗ ಅಂತಾರೆ. ಇದು ಅರ್ಥವಾಗದೆ "ಜನ ಜಾಸ್ತಿ ಆದ್ರು" ಅಂತ ಇವತ್ತಿನ ತಾಯಂದಿರನ್ನ ಬೈಯೋದು ಅನ್ಯಾಯ.

ಇನ್ನು ಪದದ ಬಳಕೆ. ಟೀವಿ ಚರ್ಚೆಗಳಲ್ಲಿ "ಡೆಮಾಗ್ರಫಿ ಬದಲಾಗ್ತಿದೆ" ಅನ್ನೋ ಮಾತು ಬರುತ್ತೆ. ಅಲ್ಲಿ ಅದು ಶಾಸ್ತ್ರದ ಹೆಸರಲ್ಲ; ವಯಸ್ಸು, ಲಿಂಗ, ಭಾಷೆ, ಧರ್ಮದ ಪ್ರಕಾರ ಜನರ ರಚನೆ ಅಂತ ಅರ್ಥ. ಆ ಅರ್ಥವೂ ಸರಿಯೇ. ಆದ್ರೆ ಹಾಗಂದವರನ್ನ ಕೇಳಿ: ಬದಲಾಗಿದ್ದು ಹುಟ್ಟಿನಿಂದಲಾ, ಸಾವಿನಿಂದಲಾ, ವಲಸೆಯಿಂದಲಾ? ಯಾವ ವರ್ಷದಿಂದ ಯಾವ ವರ್ಷಕ್ಕೆ? ಉತ್ತರ ಇಲ್ಲದಿದ್ರೆ ಅದು ಬರೀ ಹೆದರಿಸೋ ಮಾತು.

2011ರ ಜನಗಣತಿಯಲ್ಲಿ ಕರ್ನಾಟಕದ ಜನ 6 ಕೋಟಿ 11 ಲಕ್ಷ. 2021ರದ್ದು ಕೋವಿಡ್ ಕಾರಣಕ್ಕೆ ಮುಂದೆ ಹೋಯ್ತು. ಮುಂದಿನದಕ್ಕೆ ಸರ್ಕಾರ ಗೊತ್ತುಮಾಡಿದ ದಿನ 2027ರ ಮಾರ್ಚ್ 1. ಗಣತಿಯವರು ಬಂದು ಅಜ್ಜಿಯ ವಯಸ್ಸು ಕೇಳಿದಾಗ ಅಂದಾಜಿಗೆ ಎಪ್ಪತ್ತೈದು ಅನ್ನಬೇಡಿ. ಮದುವೆ ಆಗಿದ್ದು ಯಾವಾಗ, ಮೊದಲ ಮಗು ಹುಟ್ಟಿದ್ದು ಯಾವ ವರ್ಷ ಅಂತ ಅಜ್ಜಿಯನ್ನೇ ಕೂರಿಸಿಕೊಂಡು ಕೇಳಿ, ಲೆಕ್ಕ ಹಾಕಿ ಹೇಳಿ.