ಲೊಬಿಟೊ ಹಳಿಯ ಮೇಲೆ ಚೀನಾ, ಅಮೆರಿಕ

ಕೇಳುಗರೇ, ನಮಸ್ಕಾರ. ಆಫ್ರಿಕಾದ ವ್ಯಾಪಾರದಲ್ಲಿ ಯಾರ ಕೈ ಮೇಲು, ಚೀನಾದ್ದೋ ಅಮೆರಿಕದ್ದೋ? ಮೊತ್ತ ನೋಡಿದರೆ ಉತ್ತರ ಸುಲಭ. 2009ರಲ್ಲೇ ಚೀನಾ ಅಮೆರಿಕವನ್ನು ಹಿಂದೆ ಹಾಕಿತು. 2024ರಲ್ಲಿ ಚೀನಾ-ಆಫ್ರಿಕಾ ವಹಿವಾಟು 29,500 ಕೋಟಿ ಡಾಲರ್ ದಾಟಿತ್ತು, ಅಮೆರಿಕದ್ದು ಅದರ ಅರ್ಧವೂ ಇಲ್ಲ.

ಆದರೆ ಏನು ಹೋಗುತ್ತದೆ, ಏನು ಬರುತ್ತದೆ ಅನ್ನೋದನ್ನೂ ನೋಡಬೇಕಲ್ವಾ?

ಅಂಗೋಲಾದ ಲೊಬಿಟೊ ಬಂದರಿನಿಂದ ಕಾಂಗೋ ಗಡಿಯವರೆಗೆ ಸುಮಾರು 1,300 ಕಿಲೋಮೀಟರ್ ಉದ್ದದ ಒಂದು ರೈಲು ಹಳಿ ಇದೆ. ಪೋರ್ಚುಗೀಸರ ಕಾಲದ್ದು. ಅಂತರ್ಯುದ್ಧದಲ್ಲಿ ಹಾಳಾಗಿದ್ದ ಅದನ್ನು ಮತ್ತೆ ಕಟ್ಟಿಕೊಟ್ಟಿದ್ದು ಚೀನಾದ ಕಂಪನಿ. ಆಮೇಲೆ ಅದನ್ನು ನಡೆಸುವ ಗುತ್ತಿಗೆ ಯುರೋಪಿನ ಕಂಪನಿಗಳ ಪಾಲಾಯಿತು, ಅಮೆರಿಕ 55 ಕೋಟಿ ಡಾಲರ್‌ಗೂ ಜಾಸ್ತಿ ಸಾಲ ಕೊಡುವುದಾಗಿ ಹೇಳಿತು, 2024ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಬೈಡನ್ ಅವರೇ ಲೊಬಿಟೊಗೆ ಹೋಗಿ ಬಂದರು. ತಮಾಷೆ ಏನು ಗೊತ್ತಾ? ಆ ಯುರೋಪಿನ ಕಂಪನಿಗಳಲ್ಲಿ ಒಂದಾದ ಮೋಟಾ-ಎಂಗಿಲ್‌ನಲ್ಲಿ ಚೀನಾ ಸರ್ಕಾರಿ ಕಂಪನಿಯೊಂದಕ್ಕೆ ದೊಡ್ಡ ಪಾಲಿದೆ! ಅತ್ತ ಪೂರ್ವಕ್ಕೆ, ಜಾಂಬಿಯಾದಿಂದ ತಾಂಜಾನಿಯಾದ ಬಂದರು ದಾರ್ ಎಸ್ ಸಲಾಮ್‌ಗೆ ಹೋಗುವ ತಜಾರಾ ರೈಲನ್ನು 1970ರ ದಶಕದಲ್ಲೇ ಚೀನಾ ಕಟ್ಟಿತ್ತು. ಈಗ ಅದರ ದುರಸ್ತಿಗೂ ಚೀನಾವೇ ಕೈ ಹಾಕಿದೆ. ಹಳಿ ಯಾರದ್ದೇ ಇರಲಿ, ಸಮುದ್ರದ ಕಡೆಗೆ ಹೋಗುವುದು ತಾಮ್ರ, ಕೋಬಾಲ್ಟ್. ವಾಪಸ್ ಬರುವುದು ಯಂತ್ರ, ಮೊಬೈಲು, ಬಟ್ಟೆ.

ಅಮೆರಿಕ ಮಾಡಿದ್ದೇ ಇಲ್ಲ ಅಂತಲ್ಲ. 2000ದಲ್ಲಿ ಅಗೋವಾ ಅನ್ನೋ ಕಾನೂನು ತಂದು, ಆಫ್ರಿಕಾದ ಎಷ್ಟೋ ಸರಕಿಗೆ ಸುಂಕ ತೆಗೆದುಹಾಕಿತು. ಅದರಿಂದಲೇ ಪುಟ್ಟ ದೇಶ ಲೆಸೊಥೊದಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಗಳು ಬೆಳೆದವು, ಸಾವಿರಾರು ಹೆಂಗಸರಿಗೆ ಸಂಬಳ ಸಿಕ್ಕಿತು. ನನ್ನ ಪ್ರಕಾರ ಇದು ರೈಲಿಗಿಂತ ದೊಡ್ಡ ಉಪಕಾರ. ಆದರೆ 2025ರ ಏಪ್ರಿಲ್‌ನಲ್ಲಿ ಅದೇ ಲೆಸೊಥೊ ಮೇಲೆ ಟ್ರಂಪ್ ಸರ್ಕಾರ ಶೇ 50ರ ಸುಂಕ ಘೋಷಿಸಿತು. ಆಮೇಲೆ ಶೇ 15ಕ್ಕೆ ಇಳಿಸಿತು ಅನ್ನಿ, ಅಷ್ಟರಲ್ಲಿ ಆರ್ಡರ್‌ಗಳು ಕೈತಪ್ಪಿದ್ದವು. ಅತ್ತ, ಏಪ್ರಿಲ್‌ನ ಆ ಘೋಷಣೆಯಾದ ಎರಡೇ ತಿಂಗಳಲ್ಲಿ ಚೀನಾ, ಆಫ್ರಿಕಾದ 53 ದೇಶಗಳಿಗೆ ಸುಂಕವೇ ಬೇಡ ಎಂದಿತು. ಒಳ್ಳೆಯದೇ, ಆದರೆ ಜೀನ್ಸ್ ಹೊಲಿಯುವುದರಲ್ಲಿ ಪಳಗಿದ ಚೀನಾಕ್ಕೆ ಲೆಸೊಥೊ ಜೀನ್ಸ್ ಮಾರುವುದು ಹೇಗೆ?

ನಾವೂ ಇದರ ಹೊರಗಿಲ್ಲ. ಮಂಗಳೂರು ಕಡೆಯ ಗೇರುಬೀಜದ ಕಾರ್ಖಾನೆಗಳು ನಡೆಯುವುದೇ ಬಹುಪಾಲು ಆಫ್ರಿಕಾದ ಬೀಜದಿಂದ. ಬೆನಿನ್ ದೇಶ 2024ರ ಏಪ್ರಿಲ್‌ನಿಂದ ಹಸಿ ಬೀಜದ ರಫ್ತನ್ನೇ ನಿಲ್ಲಿಸಿದೆ. ಬೇಕಾದರೆ ಬೆನಿನ್‌ನಲ್ಲೇ ಸುಲಿದ ಗೋಡಂಬಿ ಕೊಳ್ಳಿ ಅನ್ನುತ್ತಿದೆ. ನಮಸ್ಕಾರ.