ಲಾಯರು ಬರಲಿಲ್ಲ, ಕೇಸು ಕೂಗಿದರು

ಕೇಳುಗರೆಲ್ಲರಿಗೂ ನಮಸ್ಕಾರ.

ತಾಲ್ಲೂಕು ಕೋರ್ಟಿನಲ್ಲಿ ಇಪ್ಪತ್ತಾರು ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. “ಸಾರ್, ನಮ್ಮ ಲಾಯರು ಅವತ್ತು ಬಂದೇ ಇರಲಿಲ್ಲವಂತೆ, ಕೇಸು ಹೋಯ್ತಂತೆ, ಏನು ಮಾಡೋದು?” ಈ ಮಾತು ಕಿವಿಗೆ ಬೀಳದ ತಿಂಗಳಿಲ್ಲ. ಏನು ಮಾಡುವುದು ಅನ್ನುವುದಕ್ಕೆ ಉತ್ತರ ಇದೆ. ಆದರೆ ಕೇಳುವವರು ನನ್ನ ಹತ್ತಿರ ಬರುವ ಹೊತ್ತಿಗೆ ಆರು ತಿಂಗಳೋ ವರ್ಷವೋ ಕಳೆದಿರುತ್ತದೆ. ನನಗೆ ಸಂಕಟ ಆಗುವುದು ಅಲ್ಲಿ.

ಅದಕ್ಕೇ ಇವತ್ತು ಒಂದೇ ಮಾತು ಹೇಳುತ್ತೇನೆ. ಮೂವತ್ತು ದಿನ. ಕೈಗೆ ಸಿಕ್ಕಿದ ಕಾಗದದ ಮೇಲೆ ಬರೆದುಕೊಳ್ಳಿ. ಮೂವತ್ತು ದಿನ.

ನೀವು ದಾವೆ ಹಾಕಿದವರು ಅಂದುಕೊಳ್ಳಿ. ವಾಯಿದೆ ದಿನ ಅಟೆಂಡರ್ ನಿಮ್ಮ ಹೆಸರು ಕೂಗುತ್ತಾರೆ. ನೀವೂ ಇಲ್ಲ, ಲಾಯರೂ ಇಲ್ಲ. ಎದುರುದಾರರು ಮಾತ್ರ ಇದ್ದಾರೆ. ಗೈರುಹಾಜರಿಗೆ ದಾವೆ ವಜಾ ಆಗುತ್ತದೆ. ಆ ದಾವೆಗಿದ್ದ ಅದೇ ಕಾರಣಕ್ಕೆ ಹೊಸದಾಗಿ ಇನ್ನೊಂದು ದಾವೆ ಹಾಕುತ್ತೇನೆ ಅಂದರೆ ಆಗುವುದಿಲ್ಲ. ಆ ಹಳೇ ದಾವೆಯನ್ನೇ ಮತ್ತೆ ಎಬ್ಬಿಸಬೇಕು. ಅದಕ್ಕೆ ಅದೇ ಕೋರ್ಟಿನಲ್ಲಿ ಅರ್ಜಿ ಕೊಡಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶ ಅದಕ್ಕೆ ದಾರಿ ಇಟ್ಟಿದೆ. ವಜಾ ಆದ ದಿನದಿಂದ ಮೂವತ್ತು ದಿನ.

ಈಗ ನಿಮ್ಮ ಮೇಲೆ ಬೇರೆಯವರು ದಾವೆ ಹಾಕಿದ್ದಾರೆ ಅಂದುಕೊಳ್ಳಿ. ನಿಮ್ಮ ಲಾಯರು ಬರಲಿಲ್ಲ. ನಿಮ್ಮನ್ನು ಎಕ್ಸ್‌ಪಾರ್ಟಿ, ಅಂದರೆ ಗೈರಾದವರು, ಅಂತ ಇಡುತ್ತಾರೆ, ಆಮೇಲೆ ನಿಮ್ಮ ಮಾತು ಕೇಳದೆ ಡಿಕ್ರಿ, ಅಂದರೆ ಕೋರ್ಟಿನ ತೀರ್ಮಾನ, ಆಗುತ್ತದೆ. ಅದನ್ನೂ ರದ್ದು ಮಾಡಿಸಬಹುದು. ಅಲ್ಲೂ ಮೂವತ್ತು ದಿನ. ಡಿಕ್ರಿ ಆಗುವ ಮೊದಲೇ ಓಡಿ ಹೋದರೆ ಕೆಲಸ ಇನ್ನೂ ಸುಲಭ.

ಒಬ್ಬ ಯಜಮಾನರ ವಿಷಯ ಹೇಳಬೇಕು. ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಒಂದು ಎಕರೆ ಹನ್ನೆರಡು ಗುಂಟೆ ಜಮೀನಿನ ಪಾಲಿಗೆ ದಾವೆ ಹಾಕಿದ್ದರು. ಒಂದು ದಿನ ನನ್ನ ಆಫೀಸಿಗೆ ಬಂದರು. ಕಂಕುಳಲ್ಲಿ ಜವಳಿ ಅಂಗಡಿಯ ಕವರು. ಅದರಲ್ಲಿ ಪಹಣಿ, ಹಾಲಿನ ಡೈರಿಯ ಪಾಸ್‌ಬುಕ್ಕು, ಸುರುಳಿ ಸುತ್ತಿದ ಒಂದು ಗೋಡೆ ಕ್ಯಾಲೆಂಡರ್. ಅವರ ಲಾಯರಿಗೆ ಹುಷಾರಿರಲಿಲ್ಲ. ಗುಮಾಸ್ತ ಮಾತ್ರ, “ವಾಯಿದೆ ಮುಂದಕ್ಕೆ ಹೋಗಿದೆ, ಸುಮ್ನೆ ಯಾಕೆ ಬರ್ತೀರಿ, ನಾವೇ ಫೋನ್ ಮಾಡ್ತೀವಿ” ಅನ್ನುತ್ತಿದ್ದನಂತೆ. ನಾನು ಕೋರ್ಟಿಗೆ ಹೋಗಿ ಆರ್ಡರ್ ಶೀಟು ನೋಡಿದೆ. “ಕೂಗಿಸಲಾಗಿ ವಾದಿ ಗೈರು, ವಾದಿ ಪರ ವಕೀಲರು ಗೈರು, ದಾವೆ ವಜಾ.” ಆಗಿ ಏಳು ತಿಂಗಳಾಗಿತ್ತು.

ಮೂವತ್ತು ದಿನ ಎಲ್ಲಿ, ಏಳು ತಿಂಗಳು ಎಲ್ಲಿ! ತಡ ಆಗಿದ್ದರೆ ತಡ ಮನ್ನಿಸಿ ಅಂತ ಲಿಮಿಟೇಶನ್ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ಇನ್ನೊಂದು ಅರ್ಜಿ ಹಾಕಬೇಕು. ತಡಕ್ಕೆ ಕಾರಣ ತೋರಿಸಬೇಕು. ಏನು ತೋರಿಸುವುದು ಅಂತ ನಾನು ಯೋಚನೆ ಮಾಡುತ್ತಾ ಇದ್ದರೆ, ಯಜಮಾನರು ಮೇಜಿನ ಮೇಲೆ ಕ್ಯಾಲೆಂಡರ್ ಬಿಚ್ಚಿದರು. ತಾರೀಖಿನ ಮನೆಮನೆಯಲ್ಲೂ ಪೆನ್ಸಿಲ್ಲಿನಲ್ಲಿ ಬರೆದಿತ್ತು. “ಕೋರ್ಟಿಗೆ ಹೋದೆ. ಲಾಯರ್ ಸಿಗಲಿಲ್ಲ.” “ಫೋನ್ ಮಾಡಿದೆ. ಗುಮಾಸ್ತ.” “ಹಸು ಕರು ಹಾಕಿತು.” “ಫೋನ್ ಮಾಡಿದೆ. ಎತ್ತಲಿಲ್ಲ.” ಪಕ್ಕದಲ್ಲಿ ದಿನದಿನದ ಹಾಲಿನ ಲೆಕ್ಕ.

ಅದನ್ನೇ ಕೋರ್ಟಿಗೆ ಹಾಜರು ಮಾಡಿದೆವು. ಪಾಟಿ ಸವಾಲಿನಲ್ಲಿ ಎದುರು ಲಾಯರು ಕೇಳಿದರು, “ಇದೆಲ್ಲ ಮೊನ್ನೆ ಕೂತು ಬರೆದದ್ದು ಅಲ್ವಾ?” ಯಜಮಾನರು ಕಟಕಟೆಯಲ್ಲಿ ನಿಂತು, “ಸ್ವಾಮಿ, ಪಕ್ಕದಲ್ಲಿ ಹಾಲಿನ ಲೀಟರು ಬರೆದಿದೀನಿ, ಡೈರಿ ಪುಸ್ತಕದಲ್ಲೂ ಇದೆ, ತಾಳೆ ನೋಡಿ” ಅಂದರು. ಜಡ್ಜರು ನಿಜವಾಗಿಯೂ ತಾಳೆ ನೋಡಿದರು. ಒಂದೊಂದು ದಿನವೂ ಕೂಡಿತು. ಎದುರುದಾರರಿಗೆ ಒಂದೂವರೆ ಸಾವಿರ ಖರ್ಚು ಕೊಡಿ ಅಂತ ಹೇಳಿ ದಾವೆ ಮತ್ತೆ ತೆಗೆದುಕೊಂಡರು.

ಆದರೆ ಕೇಳಿ. ಆ ಅರ್ಜಿ ತೀರ್ಮಾನ ಆಗುವುದಕ್ಕೇ ಒಂದೂವರೆ ವರ್ಷ ಹಿಡಿಯಿತು. ಮೂವತ್ತು ದಿನದೊಳಗೆ ಬಂದಿದ್ದರೆ ಮೂರ್ನಾಲ್ಕು ವಾಯಿದೆಯಲ್ಲಿ ಮುಗಿಯುತ್ತಿತ್ತು. ಅವರ ಕೈಯಲ್ಲಿ ಕ್ಯಾಲೆಂಡರ್ ಇತ್ತು. ನಿಮ್ಮ ಕೈಯಲ್ಲಿ ಏನಿದೆ?

“ತಪ್ಪು ಲಾಯರದ್ದು, ನನಗ್ಯಾಕೆ ಶಿಕ್ಷೆ?” ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1981ರಲ್ಲಿ ಸುಪ್ರೀಂ ಕೋರ್ಟಿಗೆ ರಫೀಕ್ ಎನ್ನುವವರ ಕೇಸು ಹೋಗಿತ್ತು. ಹೈಕೋರ್ಟಿನಲ್ಲಿ ಅವರ ವಕೀಲರು ಬರಲಿಲ್ಲ, ಅಪೀಲು ವಜಾ ಆಗಿತ್ತು. ಫೀಸು ಕೊಟ್ಟು ನಂಬಿ ಕೂತ ಕಕ್ಷಿದಾರ ವಕೀಲರ ತಪ್ಪಿಗೆ ನರಳಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಖರ್ಚಿನ 200 ರೂಪಾಯಿಯನ್ನು ಗೈರಾದ ವಕೀಲರಿಂದಲೇ ವಸೂಲು ಮಾಡಿ ಅಂದಿತು. ಆದರೆ ವರ್ಷಗಟ್ಟಲೆ ವಿಚಾರಿಸದೆ ಕೂತವರಿಗೆ ಈ ಮಾತು ಆಸರೆ ಆಗುವುದಿಲ್ಲ. ಹೋಗಿ ವಿಚಾರಿಸಿದವರಿಗೆ ಆಗುತ್ತದೆ.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ನೀವು ಕೋರ್ಟಿನಲ್ಲೇ ಇದ್ದೀರಿ, ಕೇಸು ಕೂಗಿದರು, ಲಾಯರಿಲ್ಲ. ದಯವಿಟ್ಟು ಹಿಂದಿನ ಬೆಂಚಿನಲ್ಲಿ ಅಡಗಬೇಡಿ. ಮುಂದೆ ಹೋಗಿ ಕೈ ಮುಗಿದು, “ಸ್ವಾಮಿ, ನಾನೇ ವಾದಿ, ನಮ್ಮ ವಕೀಲರು ಬರ್ತಾರೆ, ಮಧ್ಯಾಹ್ನ ಕೂಗಿಸಿ” ಅನ್ನಿ. ಕನ್ನಡದಲ್ಲೇ ಅನ್ನಿ. ಅಷ್ಟು ಹೇಳಿದ್ದಕ್ಕೇ ಉಳಿದ ಕೇಸುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕೋರ್ಟಿಗೆ ಹೋಗಲು ಆಗದಿದ್ದರೆ ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಇದೆ, ದುಡ್ಡಿಲ್ಲ. ನಿಮ್ಮ ಕೇಸಿಗೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಲಾಯರ ಹತ್ತಿರ ಕೇಳಿ ಪಡೆಯಿರಿ. ಅದು ಕೇಳುವುದು ಅವಮಾನ ಮಾಡಿದಂತಲ್ಲ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಒಂದೇ ನಿಮಿಷದಲ್ಲಿ ಮುಂದಿನ ವಾಯಿದೆ ತೆಗೆದುಕೊಡುತ್ತಾರೆ.

ಚೆಕ್ ಬೌನ್ಸ್ ಕೇಸಿನವರು ಜಾಸ್ತಿ ಎಚ್ಚರ ಇರಬೇಕು. ದೂರು ಕೊಟ್ಟವರು ಗೈರಾದರೆ ಆರೋಪಿ ಬಿಡುಗಡೆ ಆಗಿಬಿಡಬಹುದು. ಅದೇ ಮ್ಯಾಜಿಸ್ಟ್ರೇಟರು ಅದನ್ನು ಮತ್ತೆ ತೆರೆಯುವ ಹಾಗಿಲ್ಲ, ಮೇಲಿನ ಕೋರ್ಟಿಗೇ ಹೋಗಬೇಕು. ನೀವೇ ಆರೋಪಿಯಾಗಿದ್ದು ವಾರಂಟ್ ಆಗಿದ್ದರೆ ಊರು ಬಿಡಬೇಡಿ. ಲಾಯರ ಜೊತೆ ನೀವೇ ಹಾಜರಾಗಿ ವಾರಂಟ್ ವಾಪಸ್ಸಿಗೆ ಅರ್ಜಿ ಕೊಡಿ.

ಲಾಯರನ್ನು ಬದಲಿಸಬಹುದು, ಅದು ನಿಮ್ಮ ಹಕ್ಕು. ಫೀಸು ಬಾಕಿ ಇದೆ ಅಂತ ಫೈಲು ಹಿಡಿದುಕೊಳ್ಳುವ ಹಾಗಿಲ್ಲ, 2000ನೇ ಇಸವಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಿಜವಾಗಿ ಮೋಸ ಆಗಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಿ, ಗ್ರಾಹಕರ ಕೋರ್ಟಿಗೆ ಹೋಗಬೇಡಿ. 2024ರ ತೀರ್ಪಿನ ಪ್ರಕಾರ ಅಲ್ಲಿ ವಕೀಲರ ಮೇಲೆ ಕೇಸು ನಡೆಯುವುದಿಲ್ಲ. ಆದರೆ ದೂರು ಆಮೇಲೆ. ಮೊದಲು ಅರ್ಜಿ. ಸಿಟ್ಟಿನಲ್ಲಿ ದೂರು ಬರೆಯುತ್ತಾ ಕೂತು ಮೂವತ್ತು ದಿನ ಕಳೆದುಕೊಂಡವರನ್ನು ನೋಡಿದ್ದೇನೆ.

ಹೊಸ ಲಾಯರಿಗೆ ದುಡ್ಡಿಲ್ಲ ಅನ್ನುವವರು ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಬಡವರಿಗೂ ಉಂಟು. ಫೋನ್ ನಂಬರ್ 15100. ಇನ್ನೊಮ್ಮೆ ಹೇಳುತ್ತೇನೆ, ಒಂದು, ಐದು, ಒಂದು, ಸೊನ್ನೆ, ಸೊನ್ನೆ. ನಮಸ್ಕಾರ.