ಕಾಂಪೌಂಡ್ ಬಿದ್ದಾಗ ಯಾರ ಬಾಗಿಲು ತಟ್ಟಬೇಕು?

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಾನು ವಕೀಲಿಕೆ ಶುರು ಮಾಡಿದಾಗ ಜಮೀನಿನ ಗಡಿ ಜಗಳ ಅಂದರೆ ಬದು, ಬೇಲಿ, ಬದುವಿನ ಮೇಲಿನ ಹೊಂಗೆ ಮರ. ಈಗ ಕ್ಯಾತ್ಸಂದ್ರ, ಬಟವಾಡಿ ಕಡೆಯೆಲ್ಲ ಅಪಾರ್ಟ್‌ಮೆಂಟ್ ಎದ್ದಿವೆ. ಜಗಳ ಅದೇ. ಬದು ಹೋಗಿ ಕಾಂಪೌಂಡ್ ಬಂದಿದೆ, ಅಷ್ಟೇ.

ನನ್ನ ಹತ್ತಿರ ಬಂದ ಒಂದು ಪ್ರಕರಣ ಹೇಳುತ್ತೇನೆ. ಊರಂಚಿನಲ್ಲಿ 24 ಫ್ಲಾಟಿನ ಕಟ್ಟಡ. ಒಂದು ರಾತ್ರಿ ಮಳೆಗೆ ಹಿಂದಿನ ಕಾಂಪೌಂಡ್ ಪಕ್ಕದ ತೆಂಗಿನ ತೋಟಕ್ಕೆ ಮಗುಚಿತು. ಅಲ್ಲಿದ್ದ ಮೋಟಾರ್ ಮನೆಯ ಶೀಟು ಪುಡಿಪುಡಿ. ತೋಟದವರು ಬೆಳಗ್ಗೆ ಬಂದು ತಟ್ಟಿದ್ದು ಗ್ರೌಂಡ್ ಫ್ಲೋರಿನ ಬಾಗಿಲು. ಗೋಡೆ ಆ ಮನೆಯ ಕಿಟಕಿಗೆ ಹತ್ತಿರ ಇತ್ತು, ಅದೇ ಅವರ ತಪ್ಪು! ಅವರು ಬಿಲ್ಡರ್ ಕಡೆ ಕೈ ತೋರಿಸಿದರು. ಬಿಲ್ಡರ್ "ಎಲ್ಲ ಮಾರಿ ಆಯ್ತಲ್ಲ ಸಾರ್" ಅಂದರು. ಮೂರನೇ ಮಹಡಿಯವರು "ಹಿತ್ತಲಿಗೂ ನಮಗೂ ಏನು ಸಂಬಂಧ?" ಅಂದರು.

ಸಂಬಂಧ ಅವರ ಕ್ರಯಪತ್ರದಲ್ಲೇ ಇದೆ. ಕೊನೆಯ ಪುಟಗಳನ್ನು ನಾವು ಯಾರೂ ಓದುವುದಿಲ್ಲ, ಅಲ್ವಾ? ಸಾಮಾನ್ಯವಾಗಿ ಅಲ್ಲಿ ಮೂರು ಶೆಡ್ಯೂಲ್ ಇರುತ್ತವೆ. 'ಎ' ಅಂದರೆ ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ಸಮೇತ ಇಡೀ ಜಾಗ. 'ಬಿ' ಅದರಲ್ಲಿ ನಿಮ್ಮ ಅವಿಭಾಜ್ಯ ಪಾಲು. 'ಸಿ' ನಿಮ್ಮ ಫ್ಲಾಟು. ಜಾಗ 20 ಗುಂಟೆ ಅನ್ನಿ. ಗುಂಟೆಗೆ 1,089 ಚದರಡಿ, ಒಟ್ಟು 21,780. ಸಮಪಾಲಾದರೆ ಒಬ್ಬರಿಗೆ ಸುಮಾರು 907 ಚದರಡಿ. ಆದರೆ ಅದು ಎಲ್ಲಿದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆಯಲು ಆಗುವುದಿಲ್ಲ. ಬಿದ್ದ ಗೋಡೆಯ ಒಂದೊಂದು ಇಟ್ಟಿಗೆಯಲ್ಲೂ 24 ಜನರ ಪಾಲಿದೆ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯೂ ಇದನ್ನೇ ಹೇಳುತ್ತದೆ. ಎಲ್ಲರಿಗೂ ಸೇರಿದ ಜಾಗವನ್ನು ಪಾಲು ಮಾಡಿಕೊಳ್ಳುವಂತಿಲ್ಲ. "ನಾನು ಲಿಫ್ಟೇ ಹತ್ತಲ್ಲ" ಅಂತ ಖರ್ಚಿನಿಂದ ತಪ್ಪಿಸಿಕೊಳ್ಳುವಂತೆಯೂ ಇಲ್ಲ.

ಬಿಲ್ಡರ್ ಕೂಡ ಸುಮ್ನೆ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಯೋಜನೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಗೆ ಒಳಪಟ್ಟಿದ್ದರೆ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ 30 ದಿನದಲ್ಲಿ ಪುಕ್ಕಟೆಯಾಗಿ ಸರಿ ಮಾಡಿಕೊಡಬೇಕು. ನಮ್ಮವರಿಗೆ ಆರನೇ ವರ್ಷ ನಡೆಯುತ್ತಿತ್ತು. ಹಣೆಬರಹ.

ಸರಿ, ಹಣ ಕೂಡಿಸಿ ಹಳೇ ಪಾಯದ ಮೇಲೇ ಗೋಡೆ ಎಬ್ಬಿಸೋಣ ಅಂತ ಮೇಸ್ತ್ರಿ ಕರೆದರು. ನಾನು ತಡೆದೆ. ಮೊದಲು ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಸರ್ವೆಯರ್ ಬಂದು ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿ ಅಂದೆ. ಅರ್ಜಿಗೆ ಸಹಿ ಹಾಕುವವರು ಯಾರು? ವಾಟ್ಸಾಪ್ ಗುಂಪಿಗೆ ಅಧ್ಯಕ್ಷರಿದ್ದರು, ನೋಂದಣಿಯಾದ ಸಂಘ ಇರಲಿಲ್ಲ. ಕಟ್ಟಡದ ಒಡೆತನ, ಪಾಲು ಘೋಷಿಸುವ ಡಿಕ್ಲರೇಷನ್ ಡೀಡೂ ಇಲ್ಲ, ಸಂಘದ ನಿಯಮಾವಳಿಯಾದ ಬೈಲಾನೂ ಇಲ್ಲ. 24 ಸಹಿ ಹಿಡಿಯಲು ಎರಡು ತಿಂಗಳಾಯಿತು. ಇಬ್ಬರು ದುಬೈನಲ್ಲಿದ್ದರು.

ಕೊನೆಗೆ ಸರ್ವೆಯರ್ ಬಂದರು. ಹಳೇ ಅಳತೆ ದಾಖಲೆಯಾದ ಟಿಪ್ಪಣಿ ಬಿಚ್ಚಿದರು, ಅಳತೆಯ ಸರಪಳಿ ಎಳೆದರು. ಕರಿಬೇವಿನ ಗಿಡದ ಬುಡ ಕೆದಕಿದಾಗ ಮಣ್ಣಲ್ಲಿ ಹೂತ ಬಾಂದು ಕಲ್ಲು, ಅಂದರೆ ಗಡಿ ಕಲ್ಲು, ಸಿಕ್ಕಿತು. ಅದು ಇದ್ದದ್ದು ಗೋಡೆಯಿಂದ ಒಂದೂವರೆ ಅಡಿ ಒಳಗೆ. ಅಂದರೆ ಬಿದ್ದ ಗೋಡೆ ಕಟ್ಟಿದ್ದೇ ತೋಟದವರ ನೆಲದಲ್ಲಿ! ಹಳೇ ಪಾಯದ ಮೇಲೆ ಕಟ್ಟಿದ್ದರೆ ಶೀಟಿನ ದುಡ್ಡಿನ ಜೊತೆ ಒತ್ತುವರಿ ಕೇಸೂ ಮೈಮೇಲೆ ಬರುತ್ತಿತ್ತು. ಬಾಂದು ಕಲ್ಲನ್ನು ಕಾಪಾಡುವ ಹೊಣೆ 1964ರ ಭೂಕಂದಾಯ ಕಾಯ್ದೆ ಪ್ರಕಾರ ಜಮೀನು ಹಿಡಿದವರದ್ದೇ. ಕಿತ್ತರೆ ದಂಡ.

ಹೊಸ ಗೋಡೆ ಕಲ್ಲಿನಿಂದ ಈಚೆಗೆ ಎದ್ದಿತು. ಮೋಟಾರ್ ಮನೆಗೆ ಹೊಸ ಶೀಟು ಬಂತು. ಖರ್ಚು ಪಾಲಿನ ಪ್ರಕಾರ ಹಂಚಿಕೆಯಾಯಿತು, ಮೂರನೇ ಮಹಡಿಯವರು ಗೊಣಗುತ್ತಲೇ ಕೊಟ್ಟರು.

ಕ್ರಯಪತ್ರ ತಂದವರು ಈಗ 'ಎ' ಶೆಡ್ಯೂಲ್ ಪುಟ ತೆಗೆಯಿರಿ. ಚೆಕ್ಕುಬಂದಿ ಒಂದೊಂದಾಗಿ ನೋಡೋಣ.